ದೊಡ್ಡವರಿಗೂ ಒಂದು ಕಾಗುಣಿತ ಸ್ಪರ್ಧೆ ಇರಲಿ

ಮಾನ್ಯ ಸಂಪಾದಕರೆ,

ಜಿಲ್ಲಾ ಪುಟದಲ್ಲಿ ಕುಸ್ತಿ, ಕಬಡ್ಡಿ ಗೆದ್ದ ದೊಡ್ಡವರ ಫೋಟೊ ಬರುತ್ತದೆ. ಪದದಾಟ ಗೆದ್ದವರ ಸುದ್ದಿ ಬಂದರೆ ಅದು ಶಾಲಾ ಮಕ್ಕಳದ್ದು ಮಾತ್ರ. 1925ರಲ್ಲಿ ಶುರುವಾದ ಅಮೆರಿಕದ ಕಾಗುಣಿತ ಸ್ಪರ್ಧೆ ಸ್ಕ್ರಿಪ್ಸ್ ಸ್ಪೆಲ್ಲಿಂಗ್ ಬೀ ಕೂಡ ಎಂಟನೇ ತರಗತಿ ದಾಟಿದವರನ್ನು ಸೇರಿಸಿಕೊಳ್ಳುವುದಿಲ್ಲ. ದೊಡ್ಡವರ ಸಾಮರ್ಥ್ಯ ಕಾಣಬೇಕಾದರೆ ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ನೋಡಬೇಕು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಅವರಿಗೆ ಫ್ರೆಂಚ್ ಮಾತಾಡಲು ಬರುತ್ತಿರಲಿಲ್ಲ. ಸುಮಾರು ಒಂಬತ್ತು ವಾರ ಪದಪಟ್ಟಿ ಹಿಡಿದು ಕೂತು 2015ರಲ್ಲಿ ಫ್ರೆಂಚ್ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಶ್‌ನಲ್ಲೂ ಗೆದ್ದರು.

ಇಂಥವರ ಅಭ್ಯಾಸಕ್ಕೆ ಕ್ರಮವಿದೆ. ಮೊದಲು ಎರಡಕ್ಷರದ ಪದಗಳಷ್ಟನ್ನೂ ಮುಗಿಸುತ್ತಾರೆ, ಆಮೇಲೆ ಏಳೆಂಟು ಅಕ್ಷರದವು. ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮಕ್ಕೆ ಬಿಡಿಸಿ ಚೀಟಿಯಲ್ಲಿ ಬರೆದು, ಹಿಂಬದಿಗೆ ಉತ್ತರ. ತಪ್ಪಿದ ಚೀಟಿ ಮಾರನೇ ದಿನವೇ ಮತ್ತೆ ಕೈಗೆ, ಸರಿಹೋದದ್ದು ಕೆಲವು ದಿನ ಬಿಟ್ಟು. ಆಟದಲ್ಲಿ ಕೈಯಲ್ಲಿರುವ ಏಳೂ ಬಿಲ್ಲೆ ಒಂದೇ ಸಲಕ್ಕೆ ಇಟ್ಟರೆ 50 ಅಂಕ ಹೆಚ್ಚಿಗೆ. ಇಷ್ಟು ಕಷ್ಟಪಡುವುದು ಅದಕ್ಕೇ.

ಆ ಹಲಗೆ ಕನ್ನಡಕ್ಕೆ ಹಾಗೇ ಒಗ್ಗುವುದಿಲ್ಲ. ಇಂಗ್ಲಿಷ್ ಆಟಕ್ಕೆ 100 ಬಿಲ್ಲೆ ಸಾಕು; ನಮ್ಮ 34 ವ್ಯಂಜನಕ್ಕೆ ಕಾಗುಣಿತ ಹಾಕಿದರೇ 400 ದಾಟುತ್ತದೆ, ಒತ್ತಕ್ಷರದ ಲೆಕ್ಕ ಬೇರೆ. ಹಾಗಾಗಿ ಬರುವ ರಾಜ್ಯೋತ್ಸವಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ 30 ವರ್ಷ ಮೀರಿದವರಿಗೆ ಬರೆಯುವ ಸ್ಪರ್ಧೆ ಇಡುವುದು ಮೇಲು. ಸುತ್ತಿಗೆ 20 ಪದ, ಪದಕ್ಕೆ 30 ಸೆಕೆಂಡು, ಕೈಯಲ್ಲಿ ಸ್ಲೇಟು. ಗಂಟೆ ಹೊಡೆದಾಗ ಎಲ್ಲರೂ ಒಟ್ಟಿಗೇ ಸ್ಲೇಟು ಎತ್ತಬೇಕು, ಇಲ್ಲದಿದ್ದರೆ ಪಕ್ಕದವರದ್ದು ನೋಡಿ ತಿದ್ದುವವರಿರುತ್ತಾರೆ. ಒಂದು ದೀರ್ಘ ತಪ್ಪಿದರೂ ಅಂಕವಿಲ್ಲ. ಅರ್ಧ ಅಂಕ ಕೊಡಲು ಹೋದರೆ ಸಂಜೆಯವರೆಗೂ ವಾದವೇ.

ಇಂಥ ಸ್ಪರ್ಧೆ ಕೆಡುವುದು ಹೆಚ್ಚಾಗಿ ಪದ ಹೇಳುವವರಿಂದ. ಅವರು ಮಹಾಪ್ರಾಣ ನುಂಗಿದರೆ ಬರೆಯುವವರಿಗೆ ಅನ್ಯಾಯ, ಒತ್ತಿ ಒತ್ತಿ ಹೇಳಿದರೆ ಉತ್ತರವನ್ನೇ ಕೊಟ್ಟಂತೆ. ಪದವನ್ನು ವಾಕ್ಯದಲ್ಲಿಟ್ಟು ಎರಡು ಸಲ ಓದಬೇಕು: ‘ಪ್ರಶಸ್ತಿ ಪ್ರದಾನ’, ‘ಪ್ರಧಾನ ಅಂಚೆ ಕಚೇರಿ’ ಎಂದರೆ ಅರ್ಥವೇ ಅಕ್ಷರ ತಿಳಿಸುತ್ತದೆ. ಸಂಧಿಪದಗಳನ್ನು ಬಿಡಿಸಿಯೇ ಹೇಳಬೇಕು. ‘ಜಾತಿ, ಅತೀತ: ಕೂಡಿಸಿ ಬರೆಯಿರಿ’ ಎಂದು ನೋಡಿ; ಜಾತ್ಯತೀತಕ್ಕೆ ಇಲ್ಲದ ದೀರ್ಘ ಎಳೆದು ‘ಜಾತ್ಯಾತೀತ’ ಬರೆಯುವವರೇ ಹೆಚ್ಚು. ‘ಉತ್, ಜ್ವಲ’ ಎಂದರೆ ಉಜ್ಜ್ವಲದ ಒಂದು ಜ ಮಾಯ. ಇನ್ನು ಉದ್ಘಾಟನೆ, ಹಾರ್ದಿಕ, ಆಶೀರ್ವಾದ ನಮ್ಮ ಬ್ಯಾನರುಗಳಲ್ಲಿ ಪಡುವ ಪಾಡು ಎಲ್ಲರಿಗೂ ಗೊತ್ತು. ಫ್ಲೆಕ್ಸ್ ಅಂಗಡಿಯವರಿಗೆ ಪ್ರವೇಶ ಶುಲ್ಕ ಬೇಡವೇ ಬೇಡ!

ತೀರ್ಪಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೇ ಆಧಾರ ಎಂದು ಮೊದಲೇ ಸಾರಬೇಕು. ಎಂಟು ಸಂಪುಟ ವೇದಿಕೆಗೆ ಹೊತ್ತು ತರುವುದು ಕಷ್ಟ, ಪದಪಟ್ಟಿಯನ್ನು ಹಿಂದಿನ ದಿನವೇ ಇಬ್ಬರು ಅದರ ಎದುರು ಪರಿಶೀಲಿಸಿದರಾಯಿತು. ಕಚೇರಿ–ಕಛೇರಿ, ತಾಲೂಕು–ತಾಲ್ಲೂಕು, ತತ್ವ–ತತ್ತ್ವದಂತೆ ಎರಡೂ ಬಳಕೆಯಲ್ಲಿರುವ ಪದಗಳನ್ನು ಆಗಲೇ ಪಟ್ಟಿಯಿಂದ ತೆಗೆಯಬೇಕು. ವೇದಿಕೆ ಮೇಲೆ ಪಂಡಿತರು ಜಗಳಕ್ಕೆ ನಿಂತರೆ ಸ್ಪರ್ಧೆ ಅಲ್ಲಿಗೇ ನಿಂತಿತು.

ಪತ್ರಿಕೆಯಿಂದ ಕೇಳುವುದು ಇಷ್ಟೆ: ಗೆದ್ದವರ ಹೆಸರಿನ ಜೊತೆಗೆ ಹೆಚ್ಚು ಜನ ತಪ್ಪಿದ ಐದು ಪದಗಳನ್ನೂ ಅಚ್ಚು ಹಾಕಿ.

– ಪದಬಂಧಾಸಕ್ತರು, ರಾಯಚೂರು