ಹದ್ದಿನ ದನಿ ಕೇಳಿದ್ದೀಯಾ?

ಪ್ರೀತಿಯ ಗೆಳೆಯಾ,

ಹದ್ದು ಕ್ರೂರಿ, ಪುಟ್ಟ ಟುವ್ವಿ ಹಕ್ಕಿ ಪಾಪದ್ದು ಅಂತ ನೀನು ಬರೆದು ಕಳಿಸಿದ ಬರಹ ಓದಿದೆ. ಮೊದಲ ಸಲ ಲೋಕಲ್ ಟ್ರೇನಿನಲ್ಲಿ, ನಿಂತುಕೊಂಡೇ. ಮುಂಬೈಯ ಮಾಟುಂಗದ ಮನೆಗೆ ಬಂದು ಚಹಾ ಕುಡಿಯುತ್ತಾ ಮತ್ತೊಂದು ಸಲ. ಭಾಷೆ ಚೆನ್ನಾಗಿದೆ. ಆದರೆ ಒಂದು ಮಾತು ಕೇಳಲಾ? ನೀನು ಹದ್ದನ್ನು ಎಷ್ಟು ಹೊತ್ತು ನೋಡಿದ್ದೀಯ?

‘ಹದ್ದು ಗರ್ಜಿಸಿತು’ ಅಂತ ಬರೆದಿದ್ದೀಯ. ಅದು ಗರ್ಜಿಸುವುದಿಲ್ಲ ಮಾರಾಯ. ಸಣ್ಣಗೆ ಎಳೆದ ಸಿಳ್ಳೆ, ಕೊನೆಯಲ್ಲಿ ಸ್ವಲ್ಪ ನಡುಕ. ಕುದುರೆ ಮರಿ ಕೆನೆದ ಹಾಗೆ. ಸುಮಾರು ಒಂದೂವರೆ ಮೀಟರ್ ರೆಕ್ಕೆ ಬಿಚ್ಚುವ ಹಕ್ಕಿಗೆ ಅಷ್ಟೇ ದನಿ! ನಮ್ಮ ಬಿಲ್ಡಿಂಗಿನ ದಾಸವಾಳದ ಗಿಡದಲ್ಲಿರುವ ಟುವ್ವಿ ಹಕ್ಕಿ ಹತ್ತು ಗ್ರಾಂ ಕೂಡ ತೂಗುವುದಿಲ್ಲ. ಅದರ ಕೂಗಿಗೆ ಮೂರನೇ ಮಹಡಿಯಲ್ಲಿ ನನ್ನ ಮಧ್ಯಾಹ್ನದ ನಿದ್ದೆ ಹಾಳು.

‘ರೆಕ್ಕೆ ಬಡಿದು ಆಕಾಶ ಸೀಳಿತು’ ಅನ್ನುವುದೂ ಬೇಡ. ಹದ್ದು ರೆಕ್ಕೆ ಬಡಿಯುವುದೇ ಕಡಿಮೆ. ಸುಮ್ನೆ ತೇಲುತ್ತದೆ, ಕವಲು ಬಾಲವನ್ನು ದೋಣಿಯ ಚುಕ್ಕಾಣಿಯಂತೆ ಆಚೀಚೆ ತಿರುಚುತ್ತದೆ.

ಇನ್ನು ಕ್ರೂರಿ, ಪಾಪದ್ದು ಅನ್ನುವ ವಿಷಯ. ದೇವನಾರ್ ಕಸದ ಗುಡ್ಡದ ಮೇಲೆ ಸುತ್ತುವ ಹದ್ದುಗಳನ್ನು ನೋಡು. ಮೀನಿನ ತಲೆ, ಕೋಳಿಯ ಕರುಳು, ಸತ್ತ ಇಲಿ. ಬೇಟೆ ಆಡುವುದೇ ಇಲ್ಲ ಅಂತಲ್ಲ, ಬಿಟ್ಟಿ ಊಟ ಸಿಕ್ಕರೆ ಯಾರು ಬಿಡ್ತಾರೆ? ಒಮ್ಮೆ ತಾರಸಿಯಲ್ಲಿ ನನ್ನ ಕೈಯ ವಡೆಯನ್ನೇ ಒಂದು ಹದ್ದು ಎತ್ತಿಕೊಂಡು ಹೋಯಿತು. ಉಗುರು ತಾಗಲಿಲ್ಲ, ಕಿವಿಯ ಹತ್ತಿರ ಗಾಳಿ ಮಾತ್ರ ಬೀಸಿತು. ತಲೆ ಎತ್ತಿದರೆ ಹಾರುತ್ತಲೇ ಕಾಲಲ್ಲಿ ಹಿಡಿದು ತಿನ್ನುತ್ತಿದೆ. ನನಗೆ ಸಿಟ್ಟಿಗಿಂತ ನಗುವೇ ಜಾಸ್ತಿ ಬಂತು.

ನಿನ್ನ ‘ಮುಗ್ಧ’ ಟುವ್ವಿಯ ಕತೆ ಕೇಳು. ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಹಾಕಿ, ಹತ್ತಿಯ ಎಳೆ, ಜೇಡರ ಬಲೆಯ ನೂಲು ಪೋಣಿಸಿ ಗೂಡು ಹೊಲಿಯುತ್ತದೆ. ಜೇಡ ಸಿಕ್ಕರೆ ಅದನ್ನೂ ನುಂಗುತ್ತದೆ. ಕ್ರೂರಿ ಯಾರು ಅಂತ ಆ ಜೇಡವನ್ನು ಕೇಳಬೇಕು, ಅಲ್ವಾ?

ನಿನ್ನ ವಯಸ್ಸಿನಲ್ಲಿ ನಾನೂ ಹದ್ದು ಗುಬ್ಬಿಯ ಮೇಲೆ ಎರಗುವ ಪದ್ಯ ಬರೆದಿದ್ದೆ. ಹದ್ದಿನ ಬಾಲ ಕವಲಾಗಿದೆ ಅನ್ನುವುದೂ ಆಗ ಗೊತ್ತಿರಲಿಲ್ಲ. ಪುಣ್ಯಕ್ಕೆ ಯಾರೂ ಅಚ್ಚು ಹಾಕಲಿಲ್ಲ.

ಭಾನುವಾರ ಬೆಳಿಗ್ಗೆ ಏಳಕ್ಕೆ ಫೈವ್ ಗಾರ್ಡನ್ಸ್ ಹತ್ತಿರ ಬಾ. ನೋಟ್‌ಬುಕ್ ಬೇಡ. ಪೊದೆಯಲ್ಲಿ ಟುವ್ವಿ ಆಗಲೇ ಕೆಲಸ ಶುರು ಮಾಡಿರುತ್ತದೆ. ಹದ್ದು ಎತ್ತರಕ್ಕೆ ಏರಲು ಬಿಸಿಗಾಳಿ ಮೇಲೇಳಬೇಕು, ಅದಕ್ಕೆ ಬಿಸಿಲು ಬಲಿಯಬೇಕು. ಅಲ್ಲಿವರೆಗೆ ಇಡ್ಲಿ ತಿನ್ನೋಣ.