ಮಗಳ ಪ್ರಶ್ನೆಗೆ ಏನು ಹೇಳಲಿ ಎಂದು ಕೇಳಿದ ಗೆಳೆಯನಿಗೆ

ಪ್ರಿಯ ಗೆಳೆಯಾ,

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಮಗಳು "ಈ ಸೂಜಿ ಇನ್ನೆಷ್ಟು ದಿನ?" ಎಂದು ಕೇಳಿದಳೆಂದೂ, ನೀನು "ಸ್ವಲ್ಪ ದಿನ ಅಷ್ಟೆ" ಎಂದುಬಿಟ್ಟೆಯೆಂದೂ ಬರೆದಿದ್ದೀಯ. ಒಂಬತ್ತು ವರ್ಷಗಳ ಹಿಂದೆ, ಏಳು ವರ್ಷದ ನನ್ನ ಮಗನಿಗೂ ನಿನ್ನ ಮಗಳಂತೆ ಟೈಪ್ 1 ಮಧುಮೇಹವೆಂದು ತಿಳಿದಾಗ, ನಾನೂ ಇದೇ ಉತ್ತರ ಕೊಟ್ಟಿದ್ದೆ. ಅವನು ಕ್ಯಾಲೆಂಡರಿನಲ್ಲಿ ದಿನ ಎಣಿಸತೊಡಗಿದ. ಎಣಿಕೆ ಮುಗಿಯದೆಂದು ಗೊತ್ತಾದ ದಿನ ಸೂಜಿಗಿಂತ ನನ್ನ ಮೇಲೆಯೇ ಅವನಿಗೆ ಹೆಚ್ಚು ಸಿಟ್ಟು ಬಂದಿತ್ತು. ಆದ್ದರಿಂದ ಇವತ್ತೇ ಅವಳ ಪಕ್ಕ ಕುಳಿತು, ಸೂಜಿ ದಿನವೂ ಬೇಕು, ದಿನವೂ ನಾವು ಜೊತೆಗಿರುತ್ತೇವೆ ಎಂದು ಹೇಳು.

ಅವಳು ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದು ಮಾತಿದೆ. ಹಬ್ಬದಲ್ಲಿ ಹೆಚ್ಚು ಹೋಳಿಗೆ ತಿಂದದ್ದಕ್ಕೇ ಹೀಗಾಯಿತೆಂದು ಮಕ್ಕಳು ಒಳಗೊಳಗೇ ನಂಬಿಕೊಳ್ಳುತ್ತಾರೆ, ಮನೆಗೆ ಬಂದ ನೆಂಟರ "ಪಾಪ, ಇಷ್ಟು ಚಿಕ್ಕವಳಿಗೇ ಸಕ್ಕರೆ ಕಾಯಿಲೆ" ಎಂಬ ಮಾತು ಆ ನಂಬಿಕೆಯನ್ನು ಗಟ್ಟಿಮಾಡುತ್ತದೆ. ನಿಜವೇನೆಂದರೆ, ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡಿದೆ, ಅದಕ್ಕೇ ಅದನ್ನು ಸೂಜಿಯಿಂದ ಕೊಡಬೇಕು. ಇದರಲ್ಲಿ ಅವಳದಾಗಲಿ ಅಮ್ಮನದಾಗಲಿ ತಪ್ಪಿಲ್ಲ. ಕಷಾಯ ಕೊಟ್ಟು ಇನ್ಸುಲಿನ್ ನಿಲ್ಲಿಸಿ ಎನ್ನುವವರಿಗೆ ಮಾತ್ರ ಅವಳ ಎದುರಿಗೇ ಖಂಡಿತವಾಗಿ ಇಲ್ಲವೆನ್ನು, ಏಕೆಂದರೆ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಅಪಾಯ.

ನನ್ನ ಮಗನಿಗೆ ಸೂಜಿಯೊಂದು ಶಿಕ್ಷೆಯೆನಿಸಿದ್ದಾಗ, 1922ರ ಜನವರಿಯಲ್ಲಿ ಟೊರಾಂಟೊದ ಆಸ್ಪತ್ರೆಯಲ್ಲಿ ಮೊದಲ ಇನ್ಸುಲಿನ್ ಪಡೆದ ಹದಿನಾಲ್ಕರ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ನ ಕಥೆ ಹೇಳಿದ್ದೆ. ಅಲ್ಲಿಯವರೆಗೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಆಯುಷ್ಯವನ್ನು ಒಂದಿಷ್ಟು ಎಳೆಯುವುದರ ಹೊರತು ವೈದ್ಯರಿಗೆ ದಾರಿಯಿರಲಿಲ್ಲ. ಮೊದಲ ಔಷಧಿ ಶುದ್ಧವಾಗಿರದೆ ಫಲಿಸಲಿಲ್ಲ. ಹನ್ನೆರಡು ದಿನಗಳ ನಂತರ ಕೊಟ್ಟ ಶುದ್ಧೀಕರಿಸಿದ ಔಷಧಿಯಿಂದ ಅವನು ಚೇತರಿಸಿಕೊಂಡ. "ಆ ಹನ್ನೆರಡು ದಿನ ಅವನ ಅಪ್ಪ ಏನು ಮಾಡುತ್ತಿದ್ದ?" ಎಂದು ಮಗ ಕೇಳಿದ್ದ. ನನ್ನಲ್ಲಿ ಉತ್ತರವಿರಲಿಲ್ಲ.

ನಾನು ದೊಡ್ಡ ತಪ್ಪು ಮಾಡಿದ್ದು ಅವನಿಗೆ ಹದಿಮೂರು ತುಂಬಿದಾಗ. ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ 280ರಂಥ ಹೆಚ್ಚಿನ ಅಂಕಿ ತೋರಿಸಿದರೆ ನನ್ನ ಮೊದಲ ಮಾತು "ಏನು ತಿಂದೆ?" ಎಂಬುದಾಗಿತ್ತು. ಕೆಲವು ತಿಂಗಳಲ್ಲಿ ಅವನು ಅಂಕಿ ಬರೆದಿಡುವ ಪುಸ್ತಕದ ತುಂಬ 130, 140ರಂಥ, ನಾನು ಸಿಟ್ಟಾಗದ ಅಂಕಿಗಳೇ ಕಾಣಿಸಿಕೊಂಡವು. ಮೀಟರಿನ ನೆನಪಿನಲ್ಲಿದ್ದ ಅಂಕಿಗಳು ಬೇರೆಯೇ ಆಗಿದ್ದವು. ಹರೆಯದ ಹಾರ್ಮೋನುಗಳೇ ಇನ್ಸುಲಿನ್ನಿನ ಬಲವನ್ನು ಕುಗ್ಗಿಸುತ್ತವೆ, ಏನೂ ತಿನ್ನದಿದ್ದರೂ ಸಕ್ಕರೆ ಏರಬಹುದು ಎಂದು ವೈದ್ಯರು ವಿವರಿಸಿದಾಗ, ಅವನು ನಿಜ ಹೇಳಿದ್ದ ದಿನಗಳಲ್ಲೂ ನಾನು ನಂಬಿರಲಿಲ್ಲವೆಂಬುದು ನೆನಪಾಗಿ ಬಹಳ ನೋವಾಯಿತು. ಈಗ ನಮ್ಮ ಮನೆಯಲ್ಲಿ ಅಂಕಿ ಹೆಚ್ಚು ಅಥವಾ ಕಡಿಮೆ ಇರುತ್ತದೆಯೇ ಹೊರತು ಒಳ್ಳೆಯದು, ಕೆಟ್ಟದ್ದು ಎಂದಿರುವುದಿಲ್ಲ, "ಈಗೇನು ಮಾಡೋಣ?" ಎಂದಷ್ಟೇ ಕೇಳುತ್ತೇವೆ.

ಶಾಲೆ ಶುರುವಾಗುವ ಮೊದಲು ಟೀಚರಿಗೂ ಅವಳ ಪಕ್ಕ ಕೂರುವ ಗೆಳತಿಗೂ ತಿಳಿಸು: ಕೈ ನಡುಗಿದರೆ, ಬೆವರಿದರೆ, ಅಂಕಿ 70ಕ್ಕಿಂತ ಕೆಳಗಿಳಿದರೆ ಸುಮಾರು ಮೂರು ಚಿಕ್ಕ ಚಮಚ (ಟೀ ಚಮಚ) ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಭಾನುವಾರ ಅವಳನ್ನು ಕರೆದುಕೊಂಡು ಬಾ. ಹೊಟ್ಟೆಯಲ್ಲಿ, ತೊಡೆಯಲ್ಲಿ ಜಾಗ ಬದಲಿಸಿ ಚುಚ್ಚಿಕೊಳ್ಳುವುದನ್ನು ತಾನೇ ತೋರಿಸುತ್ತೇನೆಂದು ಮಗ ಹೇಳಿದ್ದಾನೆ.

ನಿನ್ನ ಗೆಳೆಯ