ಕ್ಯಾಟ್‌ಫಿಶ್ ಎಂದು ಬರೆದರೆ ಸಾಲದು

ಗುಂಪಿನ ಎಲ್ಲರಿಗೂ ನಮಸ್ಕಾರ. ಮೀಸೆಯಿರುವ ಹಲವು ಬಗೆಯ ಮೀನುಗಳಿಗೆ ಕ್ಯಾಟ್‌ಫಿಶ್ ಎಂಬ ಒಂದೇ ಹೆಸರಿದೆ, ಹಾಗಾಗಿ ಇನ್ನು ಮುಂದೆ ಅದರ ಫೋಟೊ ಹಾಕುವವರು ಅದು ಯಾವ ಮೀನು, ಎಲ್ಲಿ ಸಿಕ್ಕಿತು ಎಂದು ಬರೆಯಿರಿ. ಅಮೆರಿಕದಲ್ಲಿ 2002ರ ಕಾನೂನಿನ ಪ್ರಕಾರ ಅಲ್ಲಿನ ಒಂದೇ ಕುಟುಂಬದ ಮೀನುಗಳನ್ನು ಮಾತ್ರ ಈ ಹೆಸರಲ್ಲಿ ಮಾರಬಹುದು. ಮಿಸಿಸಿಪ್ಪಿ ಕಡೆ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುವುದು ಅದನ್ನೇ. ವಿಯೆಟ್ನಾಮಿನ ಬಾಸಾ ಕೂಡ ಇದೇ ಬಗೆಯ ಮೀನಾದರೂ ಅಮೆರಿಕದಲ್ಲಿ ಅದಕ್ಕೆ ಆ ಹೆಸರಿಲ್ಲ.

ನಮ್ಮಲ್ಲಿ ಮುಖ್ಯವಾದದ್ದು ಮುರುಗೋಡು. ಗದ್ದೆ, ಕೆರೆಗಳ ಈ ನಾಡಮೀನು ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅದೇ ಹೆಸರಲ್ಲಿ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಆಫ್ರಿಕನ್ ಕ್ಯಾಟ್‌ಫಿಶ್. ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ತಲೆಬುರುಡೆಯ ಹಿಂಬದಿ ಮುಟ್ಟಿ ನೋಡಿ: ನಾಡಮೀನಿನದು ಒಂದೇ ಚೂಪು ಮೂಲೆ, ಆಫ್ರಿಕನ್ನಿನದು ಅಲೆಯಂತೆ. ಗಾಳಕ್ಕೆ ಆಫ್ರಿಕನ್ ಬಿದ್ದರೆ ದಯವಿಟ್ಟು ಮತ್ತೆ ಕೆರೆಗೆ ಬಿಡಬೇಡಿ, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಸ್ಪೇನಿನ ಎಬ್ರೊ ನದಿಗೆ 1974ರಲ್ಲಿ ಗಾಳದ ಮೋಜಿಗೆಂದೇ ಬಿಟ್ಟ ವೆಲ್ಸ್ ಎಂಬ ದೊಡ್ಡ ಕ್ಯಾಟ್‌ಫಿಶ್ ಈಗ ಎರಡು ಮೀಟರ್ ದಾಟಿ ಬೆಳೆಯುತ್ತಿದೆ. ಹಿಡಿಯಲು ಹೊರದೇಶದವರೂ ಬರುತ್ತಾರೆ, ಆದರೆ ಅಲ್ಲಿನ ಮೂಲ ಮೀನುಗಳಿಗೆ ಅದು ಕಂಟಕ.

ಕರಾವಳಿಯವರಿಗೆ ಒಂದು ಮಾತು. ಕಡಲಿನ ಕ್ಯಾಟ್‌ಫಿಶ್ ಆದ ತೇಡೆಯಲ್ಲಿ ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುವುದು ಗಂಡು. ಆ ಹೊತ್ತಿನಲ್ಲಿ ಅದು ಉಣ್ಣುವುದಿಲ್ಲ. ಹಿಂದೆ ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗೆ ಮೊಟ್ಟೆ ಹೊತ್ತ ಗಂಡುಗಳೇ ರಾಶಿರಾಶಿಯಾಗಿ ಬಿದ್ದು ನಮ್ಮ ಕರಾವಳಿಯಲ್ಲಿ ತೇಡೆ ತೀರಾ ಕಡಿಮೆಯಾಯಿತು. ಬಾಯಲ್ಲಿ ಗೋಲಿಯಂಥ ಮೊಟ್ಟೆ ಕಂಡರೆ, ಮೀನು ಜೀವಂತವಿದ್ದರೆ, ತಕ್ಷಣ ನೀರಿಗೆ ಬಿಡಿ.

ಚೇಳುಮೀನು ಎಂಬ ಕ್ಯಾಟ್‌ಫಿಶ್‌ನ ಮುಳ್ಳು ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿ ನೀರಲ್ಲಿ ಕೈಯಿಟ್ಟು ಆಸ್ಪತ್ರೆಗೆ ಹೊರಡಿ. ಮಕ್ಕಳ ಕೈಗೆ ಅದನ್ನು ಕೊಡಲೇಬೇಡಿ.